ಬಾಯಿಗೆ ಬಾರದ ಹೆಸರು

ಹಾ ಲೆಬೊನಾ, ಕುಥಿಂಗ್ ಜಿಲ್ಲೆ
ಫೆಬ್ರವರಿ 12, ಬುಧವಾರ

ಪ್ರೀತಿಯ ಮೊಸಾ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ಮಾಪುಲೆಂಗ್ ಮಾಡುವ ನಮಸ್ಕಾರಗಳು. ನೀವೂ ಮಕ್ಕಳೂ ಮಸೇರುವಿನಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೂ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ನಿಮಗೆ ಆಗಲೇ ಸುದ್ದಿ ಮುಟ್ಟಿರುವುದರಿಂದ ಆ ಸಾಲನ್ನು ಬಿಟ್ಟುಬಿಡುತ್ತೇನೆ.

ಭಾನುವಾರ ಫೋನಿನಲ್ಲಿ ನೀವು ಕಳಿಸಿದ ಧ್ವನಿಸಂದೇಶವನ್ನು ಚರ್ಚಿನಿಂದ ಬರುವ ದಾರಿಯಲ್ಲೇ ಕೇಳಿಸಿಕೊಂಡೆ. "ಊರೆಲ್ಲ ಸೇರಿದ ಸಭೆಯಲ್ಲಿ ನಮ್ಮಪ್ಪನ ಮಾನ ಕಳೆದೆಯಲ್ಲೇ, ನಿನಗೆ ನಾಚಿಕೆ ಅನ್ನೋದು ಇಲ್ವಾ?" ಎಂದಿರಿ. ಪಕ್ಕದಲ್ಲಿ ಮೂರು ಜನ ಹೆಂಗಸರಿದ್ದರು, ಅವರೂ ಕೇಳಿಸಿಕೊಂಡರು. ಫೋನಿನ ದನಿ ಕಡಿಮೆ ಮಾಡುವುದು ನನಗೆ ಇನ್ನೂ ಬರುವುದಿಲ್ಲ. ಉತ್ತರವನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನಗೆ ಎರಡು ಮಾತು ಮುಗಿಸಲು ಬಿಡುವುದಿಲ್ಲ ಅಕ್ಕ, ಸಿಟ್ಟಾಗಬೇಡಿ, ಅದು ನಿಮಗೂ ಗೊತ್ತು. ಕಾಗದಕ್ಕಾದರೆ ಯಾರೂ ಅಡ್ಡಬಾಯಿ ಹಾಕುವಂತಿಲ್ಲ. ಇನ್ನೊಂದು ಕಾರಣವೂ ಇದೆ. ಇದರ ಜೊತೆ ನಿಮ್ಮ ಕಚೇರಿಯ ನಮೂನೆಯೊಂದನ್ನು ತುಂಬಿ ಕಳಿಸಬೇಕು. ಕಳಿಸುತ್ತೇನೋ ಇಲ್ಲವೋ, ಈ ಸಾಲು ಬರೆಯುವಾಗ ನನಗೇ ತಿಳಿದಿಲ್ಲ.

ಒಲೆಯ ಪಕ್ಕದ ದೊಡ್ಡ ಗಡಿಗೆಯಲ್ಲಿ ಜೋಳದ ಬಿಯರ್ ಹುದುಗಲು ಇಟ್ಟಿದ್ದೇನೆ. ದಾರಿಯಲ್ಲಿ ಹೋಗುವವರೆಲ್ಲ ಮೂಗರಳಿಸಿಕೊಂಡು ಬಾಗಿಲಿಗೆ ಬರುತ್ತಿದ್ದಾರೆ. ಯಾವ ಮದುವೆ, ಯಾವ ತಿಥಿ ಎಂದು ಕೇಳುತ್ತಾರೆ. ಏನಿಲ್ಲ ಎಂದರೆ ನಂಬುವುದಿಲ್ಲ. ಅದರ ಮಾತು ಆಮೇಲೆ.

ಮಾವನವರ ವಿಷಯದಲ್ಲಿ ನಿಮಗೆ ಗೊತ್ತಿರುವುದು ಅರ್ಧ. ಅತ್ತೆ ತೀರಿಕೊಂಡ ಮೇಲೆ ಅವರು ಮೂರು ತಿಂಗಳು ಗೋಡೆಗೊರಗಿ ಕುಳಿತರು. ಕಂಬಳಿ ಹೊದ್ದು, ಟೋಪಿ ಹಾಕಿಕೊಂಡು, ಈಗಲೋ ಆಗಲೋ ಎಲ್ಲಿಗೋ ಹೊರಡುವವರ ಹಾಗೆ. ಆಮೇಲೆ ಯಾರೋ ಅವರ ಫೋನಿಗೆ ಆ ವಿಮಾನದ ಆಟ ಹಾಕಿಕೊಟ್ಟರು. ಪರದೆಯ ಮೇಲೆ ಒಂದು ಕೆಂಪು ವಿಮಾನ ಏರುತ್ತದೆ. ಏರಿದಷ್ಟೂ ನೀವಿಟ್ಟದ್ದು ಬೆಳೆಯುತ್ತದೆ. ಅದು ಹಾರಿಹೋಗುವ ಮೊದಲು ಗುಂಡಿ ಒತ್ತಿ ಇಳಿದರೆ ಗೆದ್ದಿರಿ, ಇಳಿಯದಿದ್ದರೆ ಎಲ್ಲ ಅದರ ಜೊತೆಯೇ ಹೋಯಿತು. ಇದೇನಪ್ಪಾ ಇದು ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಮೂವತ್ತು ವರ್ಷ ಗಣಿಯ ಪಂಜರದಲ್ಲಿ ಕೆಳಕ್ಕೆ ಇಳಿದಿದೀನಿ ಮಗಳೇ. ಈಗ ಒಂಚೂರು ಮೇಲಕ್ಕೆ ಹೋಗ್ತೀನಿ, ಬಿಡು."

ಸುಳ್ಳು ಯಾಕೆ ಹೇಳಲಿ ಅಕ್ಕ, ನಾನೂ ನಕ್ಕೆ. ಅತ್ತೆ ಹೋದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಮಗಳು ಪುಲೆಂಗ್ ಶಾಲೆಯಿಂದ ಬಂದವಳೇ ತಾತನ ಹೆಗಲಿಗೆ ಜೋತುಬೀಳುತ್ತಿದ್ದಳು. ನಾನು ಒಲೆಯ ಮೇಲಿನ ಗಂಜಿ ತಿರುವುತ್ತ ತಿರುವುತ್ತ ಸೌಟು ಹಿಡಿದುಕೊಂಡೇ ಬಂದು ಇಣುಕುತ್ತಿದ್ದೆ. ಮೂವರೂ ಸೇರಿ "ಇಳಿ! ಇಳಿ! ಅಯ್ಯೋ ಇಳೀ!" ಎಂದು ಕೂಗುತ್ತಿದ್ದೆವು. ಎಷ್ಟೋ ಸಲ ಗಂಜಿ ತಳ ಹಿಡಿದಿದೆ.

ನಗು ಯಾವಾಗ ನಿಂತಿತೆಂದು ಸರಿಯಾಗಿ ಹೇಳಲಾರೆ. ಅವರು ಫೋನು ಹಿಡಿದುಕೊಂಡು ಹಟ್ಟಿಯ ಹಿಂದಕ್ಕೆ ಹೋಗಲು ಶುರುಮಾಡಿದರು. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎನ್ನುತ್ತಿದ್ದರು. ಊಟಕ್ಕೆ ಕರೆದರೆ ಬೆನ್ನು ತಿರುಗಿಸಿಕೊಂಡೇ ಕೈ ಆಡಿಸುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಕುದುರೆ ಬೋಸಿಯು ಇರಲಿಲ್ಲ.

ಹೌದು, ಕುದುರೆ ಮಾರಿದರು. ಕಳ್ಳರು ಹೊಡೆದುಕೊಂಡು ಹೋದರೆಂದು ನಿಮಗೆ ಹೇಳಿದ್ದು ಸುಳ್ಳು. ಹಾಗೆ ಹೇಳು ಎಂದವರು ಅವರು, ಹೇಳಿದವಳು ನಾನು. ಕರಿಯ ಕುದುರೆ ಹೋದರೆ ಹೋಗಲಿ, ಇನ್ನೊಂದು ಬಂದೀತು. ಆದರೆ ತಿಂಗಳಿಗೊಮ್ಮೆ ಅವರು ಗುಡ್ಡದಾಚೆಯ ಆಸ್ಪತ್ರೆಗೆ ಹೋಗುತ್ತಿದ್ದದ್ದು ಅದರ ಬೆನ್ನ ಮೇಲೆ. ಆ ದಾರಿಗೆ ಟ್ಯಾಕ್ಸಿ ಬರುವುದಿಲ್ಲ, ಗಣಿಯ ಧೂಳು ತುಂಬಿಕೊಂಡ ಅವರ ಎದೆ ಆ ಏರು ಹತ್ತುವುದಿಲ್ಲ. ಕುದುರೆಯನ್ನು ಕೊಂಡವರು ಒಳ್ಳೆಯವರೇ. ಆಸ್ಪತ್ರೆಯ ದಿನ ಬಾಡಿಗೆ ಕೊಟ್ಟು ತೆಗೆದುಕೊಂಡು ಹೋಗಿ ಎಂದಿದ್ದಾರೆ. ಆದರೆ ಪಿಂಚಣಿ ಫೋನಿಗೆ ಬಂದ ಸಂಜೆಯೇ ವಿಮಾನ ಹತ್ತಿ ಹೋಗಿರುತ್ತದೆ. ಡಿಸೆಂಬರಿನಲ್ಲಿ ಆಸ್ಪತ್ರೆ ತಪ್ಪಿತು, ಜನವರಿಯಲ್ಲೂ ತಪ್ಪಿತು. ನರ್ಸಮ್ಮ ಒಬ್ಬರ ಕೈಲಿ ಹೇಳಿಕಳಿಸಿದ್ದಾರೆ: "ಔಷಧಿ ಹೀಗೇ ಬಿಟ್ರೆ ಅಜ್ಜ ಬರೋ ಚಳಿಗಾಲ ದಾಟಲ್ಲ." ಅವರ ಹತ್ತಿರ ಈ ಮಾತು ಹೇಳಿದೆ. ಅವರು ನಕ್ಕು, ಅಷ್ಟರೊಳಗೆ ವಿಮಾನ ಒಂದು ಸಲ ಚೆನ್ನಾಗಿ ಏರುತ್ತೆ, ಬೋಸಿಯುವನ್ನ ವಾಪಸ್ ತರ್ತೀನಿ ಎಂದರು. ಪ್ರತಿ ತಿಂಗಳೂ ಇದೇ ಮಾತು.

ಇನ್ನು ಆ ಊರ ಸಭೆಯ, ಪಿತ್ಸೊ ವಿಷಯ. ನಮ್ಮ ಮುಖ್ಯಸ್ಥೆ ಮಾಲೆಬೊನಾ ಊರನ್ನೆಲ್ಲ ಕರೆಸಿ, ನಿಮ್ಮ ಜೂಜು ಮಂಡಳಿಯ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಹೊಸ ಕಾನೂನಿನ ಕರಡು ತಂದಿದ್ದೇವೆ, ಜನ ಏನಂತಾರೋ ಕೇಳೋಣ ಅಂತ. ಅಧಿಕಾರಿ ಕೋಟು ಹಾಕಿದ ಚಿಕ್ಕ ವಯಸ್ಸಿನವರು, ಪಾಪ, ಬೆವರುತ್ತಿದ್ದರು. ಮೊದಲು ಎದ್ದವರು ಪಾದ್ರಿಗಳು. ಪೂರ್ತಿ ನಿಷೇಧ ಮಾಡಿ ಎಂದರು. ಹೆಂಗಸರೆಲ್ಲ ಚಪ್ಪಾಳೆ ಹೊಡೆದೆವು. ಅಂಗಡಿಯ ಸೆಕಾಕೆ ಸುಮ್ಮನಿರುತ್ತಾನೆಯೇ? "ಪಾದ್ರಿಗಳೇ, ನಮ್ಮ ದೇಶ ಇರೋದೇ ಒಂದು ತಟ್ಟೆಯಷ್ಟು. ಸುತ್ತಲೂ ಬೇರೆಯವರ ನೆಲ. ಇಲ್ಲಿ ಬಾಗಿಲು ಹಾಕಿದ್ರೆ ಅದು ಅಲ್ಲಿಂದ ಬರುತ್ತೆ. ಫೋನಿಗೇನು ಗಡಿಯಲ್ಲಿ ಪಾಸ್‌ಪೋರ್ಟ್ ಕೇಳ್ತಾರಾ?" ಎಂದ. ಗಂಡಸರೆಲ್ಲ ಶಿಳ್ಳೆ ಹಾಕಿದರು.

ಅಧಿಕಾರಿ ಹೇಳಿದ್ದು ನನಗೆ ಸರಿಯೆನಿಸಿತು, ನಿಮ್ಮ ಕಚೇರಿಯವರೆಂದು ಹೊಗಳುತ್ತಿಲ್ಲ. "ನೋಡಿ, ಈಗಿರೋ ಕಾನೂನು ದೊಡ್ಡ ಹೋಟೆಲಿನ ಜೂಜಿನ ಮೇಜು ನೋಡಿಕೊಂಡು ಬರೆದಿದ್ದು. ಅದರಲ್ಲಿ ಫೋನು ಅನ್ನೋ ಪದಾನೇ ಇಲ್ಲ. ಕಂಪನಿಗಳು ಯಾವುದೋ ದ್ವೀಪದಲ್ಲಿ ಕೂತಿವೆ. ಬೇಡ ಅಂದ್ರೆ ಕದ್ದು ನಡೆಸ್ತವೆ. ಪರವಾನಗಿ ತಗೋ ಅಂದ್ರೆ ಅವುಗಳ ಜುಟ್ಟು ನಮ್ಮ ಕೈಗೆ ಬರುತ್ತೆ" ಎಂದರು. ಜುಟ್ಟು ಹಿಡಿದುಕೊಂಡು ಏನು ಮಾಡ್ತೀರಿ ಎಂದು ಮಾತುಮೆಲೊ ಅಜ್ಜಿ ಕೇಳಿದಳು. ಆಟಕ್ಕೆ ಬೀಗ ಹಾಕಿಸ್ತೀವಿ, ಹಾಕಿದ ಮೇಲೆ ಆ ಹೆಸರಿನವರು ಆಡೋಕಾಗಲ್ಲ ಎಂದರು. ಎರಡು ತರಹದ ಬೀಗ. ಒಂದು, ಆಡುವವನು ತಾನೇ ಹಾಕಿಕೊಳ್ಳುವುದು. ಅದನ್ನು ತಿಂಗಳು ಕಳೆದ ಮೇಲೆ ಅವನೇ ತೆಗೆಯಬಹುದು. ಇನ್ನೊಂದು, ಮನೆಯವರು ಹಾಕಿಸುವುದು. ಅದನ್ನು ಹಾಕಿಸಿದವರು ಬಂದು ಹೇಳುವ ತನಕ ಯಾರೂ ತೆಗೆಯುವಂತಿಲ್ಲ. ಕಾನೂನು ಬರುವ ಮೊದಲೇ ಕೆಲವು ಕಂಪನಿಗಳು ಇದಕ್ಕೆ ಒಪ್ಪಿವೆಯಂತೆ.

"ಹಂಗಾದ್ರೆ ನನ್ನ ಹೆಂಡ್ತಿ ನಾಳೆ ಬೆಳಿಗ್ಗೇನೇ ನನಗೆ ಬೀಗ ಜಡೀತಾಳೆ," ಎಂದ ಸೆಕಾಕೆ. "ಬಾಯಿಗೂ ಒಂದು ಹಾಕಿಸ್ತೀನಿ, ನಮೂನೆ ಕೊಡಿ ಸ್ವಾಮಿ," ಎಂದು ಅವನ ಹೆಂಡತಿ ಕೂಗಿದಳು. ಮುಖ್ಯಸ್ಥೆಯೂ ನಕ್ಕರು.

ಮೊದಲನೆಯ ಬೀಗ ನಮಗೆ ಹೊಸದಲ್ಲ. ಕಳೆದ ಅಕ್ಟೋಬರಿನಲ್ಲಿ ಮಾವನವರು ತಾವೇ ಹಾಕಿಕೊಂಡರು, ಬೈಬಲ್ ಮುಟ್ಟಿ ಹೇಳಿದರು. ಆ ತಿಂಗಳೆಲ್ಲ ಬಚ್ಚಲಲ್ಲಿ, ಹಟ್ಟಿಯಲ್ಲಿ, ಎಲ್ಲೆಂದರಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದರು. ತಿಂಗಳು ತುಂಬಿದ ದಿನ ಅವರೇ ತೆಗೆದರು. ಆದ್ದರಿಂದ ಎರಡನೆಯ ಬೀಗದ ಮಾತು ಕೇಳಿದಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಯಾರು ಹಾಕಿಸಬಹುದು ಎಂದು ಕೇಳಿದೆ. ಅದೇ ಮನೆಯಲ್ಲಿ ವಾಸವಿರುವ ವಯಸ್ಸಿಗೆ ಬಂದವರು, ಬೇರೆ ಯಾರೂ ಅಲ್ಲ ಎಂದರು. ಆ ನಿಯಮವನ್ನು ನೀವೇ ಟೈಪ್ ಮಾಡಿದ್ದೆಂದು ಕ್ರಿಸ್‌ಮಸ್‌ನಲ್ಲಿ ನೀವು ಜಂಭ ಕೊಚ್ಚಿಕೊಂಡದ್ದು ನೆನಪಿದೆ. ನೀವು ಮಸೇರುವಿನಲ್ಲಿ. ನಿಮ್ಮ ತಮ್ಮ ರುಸ್ಟೆನ್‌ಬರ್ಗಿನ ಗಣಿಯಲ್ಲಿ, ಅವರು ಕೊನೆಯ ಸಲ ಬಂದಾಗ ಪುಲೆಂಗಳಿಗೆ ಹಾಲುಹಲ್ಲು ಬೀಳುತ್ತಿತ್ತು. ಪುಲೆಂಗ್ ಚಿಕ್ಕವಳು. ಉಳಿದದ್ದು ನಾನೊಬ್ಬಳೇ ಅಕ್ಕ, ನಾನು ಎದ್ದು ನಿಂತೆ.

"ನಮ್ಮ ಮನೆಯ ಹಿರಿಯರಿಗೆ ಹಾಕಿಸಬೇಕು," ಎಂದೆ.

"ಒಳ್ಳೇದಮ್ಮ. ಅವರ ಪೂರ್ತಿ ಹೆಸರು ಹೇಳಿ," ಎಂದು ಅಧಿಕಾರಿ ಪೆನ್ನು ತೆಗೆದರು.

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ನೀವು ಮಗಳು, ಆ ಹೆಸರು ನಿಮ್ಮ ಬಾಯಲ್ಲಿ ನೀರಿನ ಹಾಗೆ ಹರಿಯುತ್ತದೆ. ನಾನು ಸೊಸೆ. ಈ ಮನೆಗೆ ಬಂದ ದಿನವೇ ಅತ್ತೆ ನನ್ನನ್ನು ಕೂರಿಸಿಕೊಂಡು, ಮಾವನ ಹೆಸರು ನಿನ್ನ ಬಾಯಲ್ಲಿ ಬರಬಾರದು, ಅದನ್ನು ಹೋಲುವ ಮಾತೂ ಬರಬಾರದು ಎಂದು ಹೇಳಿದ್ದರು. ಅವರ ಹೆಸರಿಗೂ ಅದೇ ಅರ್ಥವಾದ್ದರಿಂದ, ಅಂದಿನಿಂದ ಗುಡುಗಿನ ಜೊತೆ ಹೊಳೆಯುವುದನ್ನು ನಾನು ಆಕಾಶದ ಬೆಂಕಿ ಎಂದೇ ಕರೆದಿದ್ದೇನೆ. ಮೊದಲ ವರ್ಷ ಅದು ಪಕ್ಕದ ಮನೆಗೆ ಬಡಿದಾಗ ನಾನು ಬೆಂಕಿ ಬೆಂಕಿ ಎಂದು ಕೂಗಿದ್ದಕ್ಕೆ, ಅತ್ತೆ ಒಲೆಯ ಮೇಲೆ ಒಂದು ಕೊಡ ನೀರು ಸುರಿದಿದ್ದರು. ಮಸೇರುವಿನಲ್ಲಿ ಈಗಿನ ಸೊಸೆಯರು ಇದನ್ನೆಲ್ಲ ಬಿಟ್ಟಿದ್ದಾರಂತೆ. ನಾನು ಬಿಟ್ಟಿಲ್ಲ.

"ಹೆಸರಮ್ಮಾ, ಹೆಸರು," ಎಂದರು ಅಧಿಕಾರಿ. ಯಾರೋ ಕಿಸಕ್ಕೆಂದರು. ಮಾತುಮೆಲೊ ಅಜ್ಜಿಯೇ ಕೊನೆಗೆ, "ಅವಳ ಬಾಯಲ್ಲಿ ಬರಲ್ಲ ಕಣಪ್ಪಾ, ಅವಳು ಆ ಮನೆ ಸೊಸೆ. ನಿಮ್ಮೂರಲ್ಲಿ ಮಾವಂದಿರಿಲ್ವಾ?" ಎಂದಳು. ಹಾಗಾದರೆ ಬರೆದುಕೊಡಿ ಎಂದರು ಅವರು. ಬರೆಯುವುದೂ ಒಂದೇ ಅಲ್ಲವೇ? ಬೇರೆ ಯಾರಾದರೂ ಹೇಳಲಿ ಎಂದು ಮುಖ್ಯಸ್ಥೆ ಸೂಚಿಸಿದರು. ಅಧಿಕಾರಿ ಕರಡು ತಿರುವಿ ನೋಡಿ, ಹಾಕಿಸುವವರೇ ಹೇಳಬೇಕು ಅಂತಿದೆ, ಇಲ್ಲಾಂದ್ರೆ ಆಗದವರ ಮೇಲೆಲ್ಲ ಊರವರು ಬೀಗ ಹಾಕಿಸ್ತಾರೆ ಎಂದರು. ಅದೂ ಸರಿಯೇ.

ಆಗ ಮಾವನವರೇ ಹಿಂದಿನ ಸಾಲಿನಿಂದ ಎದ್ದು ನಿಂತರು. ನನ್ನ ಎದೆ ಹಗುರಾಯಿತು. ಈಗ ಅವರೇ ಹೇಳುತ್ತಾರೆ, ನನ್ನ ಕಷ್ಟ ನೋಡಲಾರದೆ ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ಕಂಬಳಿ ಸರಿಮಾಡಿಕೊಂಡು, ಉಸಿರು ಕೂಡಿಸಿಕೊಂಡು ಹೇಳಿದರು: "ಮಗೂ, ನನ್ನ ಸೊಸೆ ಹತ್ತೊಂಬತ್ತು ವರ್ಷದಿಂದ ಕಾಪಾಡಿಕೊಂಡು ಬಂದಿರೋ ಹೆಸರು ಅದು. ಇವತ್ತು ನಿನ್ನ ಕಾಗದಕ್ಕೋಸ್ಕರ ಅವಳ ಬಾಯಿ ಕೆಡಿಸಬೇಡ." ಅಷ್ಟು ಹೇಳಿ ಊರುಗೋಲು ಊರುತ್ತ ಹೊರಟುಹೋದರು. ಊರೆಲ್ಲ ಭೇಷ್ ಎಂದಿತು. ಹಳೆಯ ಕಾಲದ ಮನುಷ್ಯ ಅಂದ್ರೆ ಇವರು ಎಂದು ಸೆಕಾಕೆ ಕೂಡ ಹೇಳಿದ. ಅಧಿಕಾರಿ ನಮೂನೆಯನ್ನು ನನ್ನ ಕೈಗಿತ್ತು, ಮನಸ್ಸಾದರೆ ತುಂಬಿ ಕಳಿಸಿ ಎಂದರು.

ಇದು ನಡೆದದ್ದು ಅಕ್ಕ. ಮಾನ ಕಳೆದವರು ಯಾರು, ಯಾರದ್ದು ಎಂದು ನೀವೇ ಹೇಳಿ. ನನ್ನ ಮರ್ಯಾದೆಯನ್ನೇ ಬಾಗಿಲು ಮಾಡಿಕೊಂಡು ಅವರು ತಮ್ಮ ವಿಮಾನವನ್ನು ಅದರ ಹಿಂದೆ ಬಚ್ಚಿಟ್ಟರು. ಸಂಜೆ ನಾನು ಅವರಿಗೆ ತಟ್ಟೆ ಇಡುವಾಗ ಕೈಯಿಂದ ಸದ್ದಾಯಿತು. ಬೇಕೆಂದೇ ಸದ್ದು ಮಾಡಿದೆ. ಅಂದಿನಿಂದ ಅವರೂ ನಾನೂ ಮಾತು ಬಿಟ್ಟೆವು. ಪುಲೆಂಗಳ ಮೂಲಕ ಉಪ್ಪು ಕೇಳುತ್ತಾರೆ.

ನಿಮ್ಮ ಮೇಲೂ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ಹೆಸರು ತಾನೇ, ಬರೆದು ಬಿಸಾಕುವುದಕ್ಕೇನು, ಅಥವಾ ಸುಮ್ಮನಿರುವುದಕ್ಕೇನು ಎಂದು ನೀವು ಕೊನೆಯಲ್ಲಿ ಅಂದಿರಿ. ಎರಡೂ ನಿಮಗೆ ಸುಲಭ.

ನಾನು ಈ ಮನೆಗೆ ಬಂದಾಗ ನನಗೆ ಹೊಸ ಹೆಸರಿಟ್ಟವರು ಅವರು. ಮಾಪುಲೆಂಗ್, ಪುಲೆಂಗಳ ತಾಯಿ. ಮಳೆಯಲ್ಲಿ ಹುಟ್ಟುವ ಮಗುವಿನ ಅಮ್ಮ. ಏಳು ವರ್ಷ ಆ ಮಗು ಬರಲಿಲ್ಲ. ಜನ ನನ್ನನ್ನು ಆ ಹೆಸರು ಹಿಡಿದು ಕರೆದಾಗಲೆಲ್ಲ ಚುಚ್ಚಿದ ಹಾಗಾಗುತ್ತಿತ್ತು. ಅತ್ತೆ ಕೆಟ್ಟವರಲ್ಲ, ಆದರೂ ಒಂದು ದಿನ ನನ್ನೆದುರಿಗೇ ಇವಳ ಹೆಸರು ಬದಲಾಯಿಸೋಣ, ಇದು ಕೂಡಿಬರಲಿಲ್ಲ ಎಂದರು. ನಿಮ್ಮ ತಮ್ಮ ನೆಲ ನೋಡಿಕೊಂಡು ಕುಳಿತಿದ್ದರು. ಮಾವನವರು ಒಲೆಗೆ ಕೊಳ್ಳಿ ದೂಡುತ್ತ, "ಮಳೆ ತಡ ಆದ್ರೆ ಯಾರಾದ್ರೂ ಮಳೆಯ ಹೆಸರು ಬದಲಾಯಿಸ್ತಾರಾ? ಬರುತ್ತೆ, ಬಿಡೇ," ಎಂದರು. ಪುಲೆಂಗ್ ಹುಟ್ಟಿದ ದಿನ ಎಂಥ ಮಳೆ ಬಂತೆಂದು ನಿಮಗೇ ಗೊತ್ತು, ನೀವು ಹೊಳೆ ದಾಟಲಾಗದೆ ಆಚೆ ದಡದಲ್ಲಿ ಮೂರು ದಿನ ಕೂತಿದ್ದಿರಿ.

ನನ್ನ ಹೆಸರನ್ನು ಅವರು ಹೀಗೆ ಕಾಪಾಡಿದರು. ಅವರ ಹೆಸರನ್ನು ನಾನು ಹಾಗೆ ಕಾಪಾಡಿದೆ. ಅವರಿಗೆ ಕೊಡಲು ನನ್ನ ಹತ್ತಿರ ಬೇರೆ ಏನಿದೆ? ಎದೆ ಮುಟ್ಟಿ ಹೇಳುತ್ತೇನೆ, ನನ್ನ ಹೆತ್ತ ಅಪ್ಪನಿಗಿಂತ ಅವರ ಮೇಲೆ ನನಗೆ ಪ್ರೀತಿ ಹೆಚ್ಚು. ಅದಕ್ಕೇ ಕೈ ಏಳುತ್ತಿಲ್ಲ.

ಮೊನ್ನೆ ಸೋಮವಾರ ಮಧ್ಯಾಹ್ನ ಹಟ್ಟಿಯ ಹಿಂದಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಕೇಳಿಸುವುದು ನಿಂತಿತು. ಓಡಿದೆ. ಗೋಡೆಗೆ ಜಾರಿ ಕುಳಿತಿದ್ದರು, ತುಟಿ ನೀಲಿಯಾಗಿತ್ತು. ಫೋನು ಇನ್ನೂ ಅಂಗೈಯಲ್ಲೇ ಇತ್ತು, ಅದರಲ್ಲಿ ವಿಮಾನ ಏರುತ್ತಿತ್ತು. ಬೆನ್ನು ತಿಕ್ಕಿದೆ, ಕಂಕುಳಿಗೆ ಕೈಕೊಟ್ಟು ಒಳಗೆ ತಂದೆ. ನಿಮ್ಮಪ್ಪ ಈಗ ಎಷ್ಟು ಹಗುರಾಗಿದ್ದಾರೆಂದು ನಿಮಗೆ ಗೊತ್ತಿಲ್ಲ ಅಕ್ಕ. ಹಾಸಿಗೆಯ ಮೇಲೆ ಮಲಗಿಸಿದಾಗ, ಮಾತು ಬಿಟ್ಟವರು, ಒಂದೇ ಮಾತಾಡಿದರು: "ಇಳಿಯೋದು ಗೊತ್ತಾಗ್ಲಿಲ್ಲ ಮಗಳೇ." ಆಟದ ವಿಷಯ ಹೇಳಿದರೋ ಬೇರೆ ಏನಾದರೂ ಹೇಳಿದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅವರಿಗೆ ನಿದ್ದೆ ಹತ್ತಿದ ಮೇಲೆ ಎದ್ದು ಜೋಳದ ಮೊಳಕೆ ಬೀಸಿ ಬಿಯರಿಗೆ ಇಟ್ಟೆ. ಯಾಕೆಂದು ಈಗ ನಿಮಗೆ ಹೊಳೆದಿರಬೇಕು. ಹಿಂದೆ ಸೊಸೆ ಮಾವನ ಹೆಸರು ಹೇಳಿದರೆ ತಪ್ಪುಕಾಣಿಕೆಯಾಗಿ ಬಿಯರ್ ಮಾಡಿ ಅವರ ಮುಂದೆ ಇಡಬೇಕಿತ್ತು. ಅವರು ಒಂದು ಲೋಟ ಕುಡಿದರೆ ಕ್ಷಮಿಸಿದಂತೆ. ಲೋಟವನ್ನು ಬೋರಲು ಹಾಕಿದರೆ ಸೊಸೆ ತವರಿನ ದಾರಿ ಹಿಡಿಯಬೇಕು. ತವರಿನಲ್ಲಿ ನನಗೆ ಯಾರೂ ಉಳಿದಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿಯೇ ಇಟ್ಟೆ, ಆದರೆ ನಮೂನೆಯ ಆ ಸಾಲು ಇನ್ನೂ ಖಾಲಿ ಇದೆ. ಅವರ ಗುರುತಿನ ಸಂಖ್ಯೆ ಬರೆದೆ, ಊರು ಬರೆದೆ, ನನಗೂ ಅವರಿಗೂ ಇರುವ ಸಂಬಂಧ ಬರೆದೆ. ಪೆನ್ನು ಹೆಸರಿನ ಹತ್ತಿರ ಬಂದಾಗಲೆಲ್ಲ ನಾನು ಎದ್ದುಹೋಗಿ ಒಲೆ ಊದಿ ಬರುತ್ತೇನೆ.

ಮಧ್ಯಾಹ್ನದ ಟ್ಯಾಕ್ಸಿಗೆ ಈ ಕಾಗದ ಕೊಟ್ಟು ಕಳಿಸುತ್ತೇನೆ. ನಮೂನೆ ಒಳಗಿಲ್ಲದಿದ್ದರೆ ನನ್ನಿಂದಾಗಲಿಲ್ಲ ಎಂದು ತಿಳಿಯಿರಿ. ಆಗ ನೀವು ರಜೆ ಹಾಕಿ ಬನ್ನಿ, ನಿಮ್ಮಪ್ಪನ ಜೊತೆ ಸ್ವಲ್ಪ ದಿನ ಇರಿ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ, ಅವರನ್ನು ಬಯ್ಯಬೇಡಿ.

ಮಕ್ಕಳಿಗೆ ಮುತ್ತು. ಪುಲೆಂಗ್ ತನ್ನ ಸೋದರತ್ತೆಗೆ ನಮಸ್ಕಾರ ತಿಳಿಸಲು ಹೇಳಿದ್ದಾಳೆ.

ನಿಮ್ಮ ಮನೆಯ ಸೊಸೆ,
ಮಾಪುಲೆಂಗ್

ತಾ.ಕ.: ಕಾಗದ ಮಡಿಸುತ್ತಿದ್ದೆ, ಅವರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಗಡಿಗೆಯ ಮೇಲಿನ ಬಟ್ಟೆ ಎತ್ತಿ ಮೂಸಿದರು. ಯಾರಾದ್ರೂ ಸತ್ತರಾ ಎಂದು ಕೇಳಿದರು. ಇಲ್ಲವೆಂದೆ. ಮದುವೇನಾ ಎಂದರು. ಇಲ್ಲವೆಂದೆ. ಆಮೇಲೆ ಮೇಜಿನ ಮೇಲಿದ್ದ ನಮೂನೆಯನ್ನು ನೋಡಿದರು. ಅವರಿಗೆ ಓದು ಬಾರದು, ಖಾಲಿ ಜಾಗ ಕಾಣಲು ಓದು ಬೇಕಾಗಿಲ್ಲ. ಆ ಸಾಲಿನ ಮೇಲೆ ಬೆರಳಾಡಿಸಿದರು.

"ಒಂದು ಲೋಟ ಕೊಡು," ಎಂದರು.

"ಈಗ್ಲೇ ಬೇಡ ಅಪ್ಪಾ. ನಾನಿನ್ನೂ ತಪ್ಪು ಮಾಡಿಲ್ಲ," ಎಂದೆ.

"ಗೊತ್ತು. ಕೊಡು."

ಕೊಟ್ಟೆ. ನಡುನಡುವೆ ಉಸಿರಿಗಾಗಿ ನಿಲ್ಲಿಸುತ್ತ, ತಳದ ತನಕ ಕುಡಿದರು. ಬಾಯಿ ಒರೆಸಿಕೊಂಡು, ಲೋಟವನ್ನು ಬೋರಲು ಹಾಕದೆ ನೆಟ್ಟಗೆ ನನ್ನ ಮುಂದೆ ಇಟ್ಟರು. "ಈಗ ಬರಿ," ಎಂದರು.

ನಮೂನೆ ಒಳಗಿದೆ ಅಕ್ಕ. ಹೆಸರಿನ ಮೇಲೆ ಬಿಯರಿನ ಒಂದು ಹನಿ ಬಿದ್ದು ಶಾಯಿ ಹರಡಿದೆ. ನಿಮ್ಮ ಕಚೇರಿಯಲ್ಲಿ ಓದಲು ತೊಂದರೆಯಾಗದಿರಲಿ ಎಂದು ಇಲ್ಲಿ ಇನ್ನೊಮ್ಮೆ ಬಿಡಿಸಿ ಬರೆಯುತ್ತಿದ್ದೇನೆ: ತ್ಲಾಲಿ ಫಾಕಿಸಿ.